ಮಾವನವರ ಎದೆಯ ಮಿಷನ್ನು

ನಮ್ಮ ಮಾವನವರ ಎರಡು ಕಿವಿಯಲ್ಲೂ ಕೆಂಪು ಹರಳಿನ ಹತ್ತಕಡಕು ಇತ್ತು. ಚಿಕ್ಕಂದಿನಲ್ಲಿ ಅವರಪ್ಪ ಹಾಕಿಸಿದ್ದ ಒಡವೆ. ಅದರ ಭಾರಕ್ಕೆ ಕಿವಿಯ ಹಾಲೆಗಳು ಜಗ್ಗಿ ಉದ್ದವಾಗಿದ್ದವು. ಬಲಗಿವಿಯಲ್ಲಿ ಮಾತ್ರ ಆ ಹರಳಿನ ಮೇಲುಗಡೆ, ಕಿವಿಯ ಕುಳಿಯೊಳಗೆ, ಮೈಬಣ್ಣದ ಒಂದು ಗುಂಡಿ ಕೂತಿರುತ್ತಿತ್ತು. ಮೈಬಣ್ಣ ಅಂದರೆ ನಮ್ಮ ಮೈಬಣ್ಣವಲ್ಲ, ಅದನ್ನು ಮಾಡಿದವರ ಮೈಬಣ್ಣ. ಮಾವನವರ ಕಪ್ಪು ಕಿವಿಯಲ್ಲಿ ಅದು ಊರಾಚೆಯಿಂದಲೇ ಕಾಣುತ್ತಿತ್ತು. ಅಲ್ಲಿಂದ ಹೆಣೆದ ತಂತಿಯೊಂದು ಕತ್ತಿನ ಪಕ್ಕದಿಂದ ಇಳಿದು, ಅಂಗಿಯ ಎದೆಯ ಮೇಲೆ ಅತ್ತೆ ಕೈಯಾರೆ ಹೊಲಿದಿದ್ದ ಜೇಬಿಗೆ ಹೋಗುತ್ತಿತ್ತು. ಜೇಬಿನಲ್ಲಿ ಸೋಪಿನ ಪೆಟ್ಟಿಗೆಯಷ್ಟು ದೊಡ್ಡದೊಂದು ಡಬ್ಬಿ. ಅದೇ ಅವರ ಕಿವಿ ಮಿಷನ್ನು.

ನಾನು ಗೌರಿಬಿದನೂರಿನವಳು. ನಮ್ಮಪ್ಪ ಅಲ್ಲಿ ಸ್ಕೂಲು ಮೇಷ್ಟ್ರು. ಶಿಡ್ಲಘಟ್ಟದ ಹತ್ತಿರದ ಹಳ್ಳಿಯ ಈ ಮನೆಗೆ ಸೊಸೆಯಾಗಿ ಬಂದಾಗ ಮಾವನವರಿಗೆ ಆಗಲೇ ಕಿವಿ ಹೋಗಿತ್ತು. ಒಂದು ಸಲ ವಿಷಮಶೀತ ಜ್ವರ ಬಂದು ತಿಂಗಳುಗಟ್ಟಲೆ ಮಲಗಿದ್ದರಂತೆ. ಜ್ವರ ಹೋಗುವಾಗ ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು ಎಂದು ಅತ್ತೆ ಹೇಳುತ್ತಿದ್ದರು. ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು. ಮಗ ಕೂಗುತ್ತಿದ್ದ, ಹೆಂಡತಿ ಕೂಗುತ್ತಿದ್ದಳು, ಆಳುಕಾಳುಗಳೂ ಕೂಗುತ್ತಿದ್ದರು. ಕೂಗಬಾರದವಳು ನಾನೊಬ್ಬಳೇ. ಆ ಕಾಲಕ್ಕೆ ನಮ್ಮ ಕಡೆ ಸೊಸೆಯಾದವಳು ಮಾವನ ಎದುರಿಗೆ ದನಿ ಎತ್ತುವಂತಿರಲಿಲ್ಲ. ತಲೆ ಮೇಲೆ ಸೆರಗು, ಕಣ್ಣು ನೆಲದ ಮೇಲೆ, ಮಾತು ಬಾಯೊಳಗೆ. ಹಾಗಾಗಿ ಮೊದಲ ಎರಡು ವರ್ಷ ಅವರ ಮಾತಿಗೆ ನಾನು ತಲೆಯಾಡಿಸಿದ್ದು ಬಿಟ್ಟರೆ ನಮ್ಮಿಬ್ಬರ ನಡುವೆ ಏನೂ ನಡೆಯಲಿಲ್ಲ. ಒಂದು ದಿನ ಅವರು ಅತ್ತೆಯನ್ನು ಕೇಳಿದರು:

"ಅಲ್ವೇ, ಮೇಷ್ಟ್ರು ಮಗಳು ಅಂತ ಹೇಳಿ ಮೂಗೀನ ಕಟ್ಟವ್ರಾ ನಮಗೆ?"

ಅತ್ತೆ ನಗುತ್ತ ಬಂದು ಅದನ್ನು ನನಗೆ ಹೇಳಿದರು. ನನಗೆ ನಗು ಬರಲಿಲ್ಲ. ಗೌರಿಬಿದನೂರಿನಲ್ಲಿ ನನ್ನಷ್ಟು ಮಾತಾಡುವ ಹುಡುಗಿ ಇನ್ನೊಬ್ಬಳಿರಲಿಲ್ಲ.

ಮಿಷನ್ನು ಬಂದದ್ದು ಸ್ವಾತಂತ್ರ್ಯ ಬಂದ ಕೆಲವು ವರ್ಷಗಳ ಮೇಲೆ. ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು ಯಾರಿಂದಲೋ ವಿಚಾರಿಸಿಕೊಂಡು ಬಂದು, ಬೆಂಗಳೂರು ದಂಡಿನಲ್ಲಿ ಪರದೇಶದ ಕಂಪನಿಯೊಂದರ ಏಜೆಂಟರಿದ್ದಾರೆ, ಕಿವುಡರಿಗೂ ಕೇಳಿಸುವಂತೆ ಮಾಡುತ್ತಾರೆ ಎಂದರು. ಮಾವನವರು ಒಂದು ಜೊತೆ ಎತ್ತು ಮಾರಿದರು. ಅವರ ಕೈಯಲ್ಲೇ ಬೆಳೆದ ಎತ್ತುಗಳು. ಅಪ್ಪ ಮಗ ಇಬ್ಬರೂ ಸಣ್ಣ ರೈಲು ಹತ್ತಿ ಹೋಗಿ, ಮೂರನೆಯ ದಿನ ಹಿಂದಿರುಗಿದರು. ಏಜೆಂಟರು ಟೈ ಕಟ್ಟಿಕೊಂಡಿದ್ದರಂತೆ, ಬಹಳ ಮರ್ಯಾದೆಯಿಂದ ಮಾತಾಡಿಸಿದರಂತೆ. ಕೆಟ್ಟರೆ ಏನು ಗತಿ ಎಂದು ಕೇಳಿದ್ದಕ್ಕೆ, "ಯಾಕೆ ಯೋಚನೆ ಮಾಡ್ತೀರಿ ಗೌಡ್ರೇ, ನಾವಿದ್ದೀವಲ್ಲ" ಎಂದರಂತೆ.

ಆವತ್ತು ಹಟ್ಟಿಯ ಬಾಗಿಲಲ್ಲಿ ಗಾಡಿಯಿಂದ ಇಳಿದ ಮಾವನವರು ಒಳಗೆ ಬರದೆ ಅಂಗಳದಲ್ಲೇ ನಿಂತುಬಿಟ್ಟರು. ಕೋಳಿ ಕೆದಕುವುದನ್ನು ಕೇಳಿದರು. ಬಾವಿಯ ರಾಟೆಯನ್ನು ಕೇಳಿದರು. ಅತ್ತೆ ಎಂದಿನಂತೆ ಕೂಗಿ ಮಾತಾಡಿದರೆ ಎದೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು, ನಿನ್ನ ಗಂಟಲು ಇಷ್ಟೊಂದು ಒರಟಾಗಿದ್ದದ್ದು ಮರೆತೇ ಹೋಗಿತ್ತು ಎಂದರು. ನಾನು ನೀರಿನ ಚೆಂಬು ತಂದು ಇಟ್ಟು, ತಲೆ ತಗ್ಗಿಸಿಕೊಂಡು, ಕೈಕಾಲು ತೊಳೆದುಕೊಳ್ಳಿ ಮಾವ ಎಂದೆ. ಅಭ್ಯಾಸಬಲದಿಂದ ಹೇಳಿದ್ದು, ಅವರಿಗೆ ಕೇಳಲೆಂದಲ್ಲ. ಅವರು ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ನಿಂತರು. ಆಮೇಲೆ ಮಗನ ಕಡೆ ತಿರುಗಿ, ದೊಡ್ಡ ಸುದ್ದಿ ಹೇಳುವವರಂತೆ, "ಮಾತಾಡ್ತಾಳೆ ಕಣೋ" ಎಂದರು.

ಆ ಮಿಷನ್ನಿನ ಕಿವಿ ಇದ್ದದ್ದು ಡಬ್ಬಿಯಲ್ಲಿ. ಮಾತಾಡುವವರು ಅವರ ಮುಖಕ್ಕೆ ಮಾತಾಡಿದರೆ ಸರಿಯಾಗಿ ಕೇಳದು, ಎದೆಗೆ ಮಾತಾಡಬೇಕು. ಊರವರಿಗೆ ಇದು ದೊಡ್ಡ ತಮಾಷೆಯಾಯಿತು. ಪಂಚಾಯಿತಿ ಕಟ್ಟೆಯ ಮೇಲೆ ದೊಡ್ಡ ದೊಡ್ಡ ಮೀಸೆಯ ಗಂಡಸರು ಬಗ್ಗಿ ಬಗ್ಗಿ ಮಾವನವರ ಜೇಬಿನ ಹತ್ತಿರ ನ್ಯಾಯ ಹೇಳುತ್ತಿದ್ದರು. ನನಗೆ ಮಾತ್ರ ಅದು ಯಾರೋ ಸೊಸೆಯಂದಿರಿಗೆಂದೇ ಮಾಡಿಸಿದ ಯಂತ್ರದ ಹಾಗೆ ಕಂಡಿತು. ತಲೆ ಎತ್ತಬೇಕಾಗಿಲ್ಲ, ಮುಖ ನೋಡಬೇಕಾಗಿಲ್ಲ, ದನಿ ಏರಿಸಬೇಕಾಗಿಲ್ಲ. ತಲೆ ತಗ್ಗಿಸಿ ಮೆಲ್ಲಗೆ ಹೇಳಿದರೆ ನೇರ ಡಬ್ಬಿಗೇ ಹೋಗುತ್ತದೆ. ಮರ್ಯಾದೆಯೂ ಉಳಿಯಿತು, ಮಾತೂ ಆಯಿತು.

ಮಧ್ಯಾಹ್ನದ ಊಟವಾದ ಮೇಲೆ ಅವರು ನಡುಮನೆಯ ಕಂಬಕ್ಕೆ ಒರಗಿ ಕೂರುತ್ತಿದ್ದರು. ನಾನು ಅಡಿಗೆಮನೆಯ ಹೊಸ್ತಿಲಿನ ಈಚೆಗೆ ಕೂತು ಪೇಪರು ಓದುತ್ತಿದ್ದೆ. ಅವರಿಗೆ ರುಜು ಹಾಕಲು ಬಿಟ್ಟರೆ ಅಕ್ಷರ ಬರುತ್ತಿರಲಿಲ್ಲ. ಯಜಮಾನರು ಕಚೇರಿಯಿಂದ ತರುತ್ತಿದ್ದದ್ದು ನಿನ್ನೆಯ ಪೇಪರು. ನಿನ್ನೆಯದಾದರೇನು, ಇಷ್ಟು ವರ್ಷ ಏನೂ ಕೇಳದವನಿಗೆ ಅದೇ ಬಿಸಿ ಎನ್ನುತ್ತಿದ್ದರು. ಅಣೆಕಟ್ಟು, ಚುನಾವಣೆ, ಕಳ್ಳತನ, ಪೇಟೆಯ ಧಾರಣೆ, ಎಲ್ಲವೂ ಆಗಬೇಕು. ಪೇಪರು ಮುಗಿದ ಮೇಲೆ ನನ್ನ ಮಾತು. ನಮ್ಮಪ್ಪನ ಸ್ಕೂಲು, ಗೌರಿಬಿದನೂರಿನ ಸಂತೆ, ನಾನು ಓದಿದ ಕಥೆಗಳು. ಎರಡು ವರ್ಷ ಬಾಯೊಳಗೆ ಕೂಡಿಟ್ಟದ್ದೆಲ್ಲ ಹೊರಗೆ ಬಂತು. ನನ್ನ ಹೆತ್ತ ತಂದೆ ಕೂಡ ನಾನು ಹೇಳಿದ್ದನ್ನು ಅಷ್ಟು ಗಮನ ಕೊಟ್ಟು ಕೇಳಿದವರಲ್ಲ. ನಾನು ಸಾಕೆಂದು ನಿಲ್ಲಿಸಿದರೆ, "ಆಮೇಲೆ?" ಎನ್ನುತ್ತಿದ್ದರು. ಒಂದು ಸಲ ಹೇಳಿದರು:

"ಮಾತಾಡೋದು ಸುಲಭ ಕಣಮ್ಮ. ಕೇಳಿಸ್ಕೊಳ್ಳೋದೇ ಕೆಲಸ. ಅದು ಹೋದ ಮೇಲೆ ಗೊತ್ತಾಯ್ತು ನಂಗೆ."

ಹಾಗೆಂದು ಎಲ್ಲವನ್ನೂ ಕೇಳಿಸಿಕೊಳ್ಳುವಷ್ಟು ಸಾಧುವೂ ಅಲ್ಲ. ಡಬ್ಬಿಯ ಅಂಚಿನಲ್ಲಿ ಒಂದು ತಿರುಪು ಇತ್ತು, ಸದ್ದು ಹೆಚ್ಚು ಕಡಿಮೆ ಮಾಡಲು. ಅತ್ತೆ ಬೈಯಲು ಶುರು ಮಾಡಿದರೆ ಮಾವನವರ ಹೆಬ್ಬೆರಳು ಮೆಲ್ಲಗೆ ಜೇಬಿನ ಕಡೆ ಸರಿಯುತ್ತಿತ್ತು. ಮುಖದಲ್ಲಿ ಮಾತ್ರ ಅದೇ ಗಂಭೀರ ಗಮನ. ಸ್ವಲ್ಪ ದಿನಕ್ಕೆ ಅತ್ತೆಗೆ ಇದು ಗೊತ್ತಾಗಿಹೋಯಿತು. ಅವರು ಬಾಗೇಪಲ್ಲಿ ಕಡೆಯವರು, ಸಿಟ್ಟು ಬಂದರೆ ಬಾಯಿಗೆ ತೆಲುಗು ಬರುತ್ತಿತ್ತು. ಮೊದಲು ಗಂಡನ ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಇಡಿಸಿ, ಆಮೇಲೆ ತೆಲುಗಿನಲ್ಲಿ ಬೈಯುತ್ತಿದ್ದರು.

ಆದರೆ ಮಾವನವರು ಆ ಮಿಷನ್ನನ್ನು ನಿಜವಾಗಿ ಪ್ರೀತಿಸಿದ್ದು ಹುಳದ ಮನೆಯಲ್ಲಿ. ನಮ್ಮದು ರಾಗಿ ಹೊಲ, ಹಿಪ್ಪುನೇರಳೆ ತೋಟ, ಮನೆಯಲ್ಲೇ ರೇಷ್ಮೆ ಸಾಕಣೆ. ಪೊರೆ ಕಳಚುವ ಮೊದಲು ಹುಳ ಅಲುಗದೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಹಸಿವು ಹೆಚ್ಚು. ರಾಶಿ ಸೊಪ್ಪು ಹಾಕಿದರೂ ನೋಡುನೋಡುತ್ತಲೇ ದಂಟು ಮಾತ್ರ ಉಳಿಯುತ್ತದೆ. ಆಗ ಸಾವಿರಾರು ಹುಳ ಒಟ್ಟಿಗೆ ಮೇಯುವ ಸದ್ದು ಹೆಂಚಿನ ಮೇಲೆ ಸೋನೆಮಳೆ ಹಿಡಿದ ಹಾಗಿರುತ್ತದೆ. ಮಾವನವರು ಜೇಬಿನಿಂದ ಡಬ್ಬಿ ತೆಗೆದು ಹುಳ ಸಾಕುವ ಬಿದಿರು ತಟ್ಟೆಯ ಅಂಚಿಗೆ ಹಿಡಿದು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಒಂದು ತಟ್ಟೆ ಆದ ಮೇಲೆ ಇನ್ನೊಂದು. ಮೇವು ಬಿಟ್ಟ ಹುಳ ರೋಗದ ಹುಳ, ಮಳೆ ನಿಂತರೆ ಮನೆ ಹಾಳು ಎಂದು ಅವರ ಮಾತು. ನಮ್ಮೆಲ್ಲರ ಅನ್ನ ಆ ಸದ್ದಿನ ಮೇಲೆ ನಿಂತಿತ್ತು, ಅದು ನಿಜ. ಆದರೆ ಅವರ ಮುಖ ನೋಡಿದರೆ ಅನ್ನದ ಲೆಕ್ಕ ಹಾಕುತ್ತಿರುವವರ ಮುಖವಾಗಿರಲಿಲ್ಲ.

ಇಷ್ಟಕ್ಕೆ ಬೇಕಾಗಿದ್ದದ್ದು ಎರಡು ಬ್ಯಾಟರಿ. ಚಿಕ್ಕದೊಂದು, ದೊಡ್ಡದೊಂದು. ಅತ್ತೆ ಅವಕ್ಕೆ ಮರಿ, ತಾಯಿ ಎಂದು ಹೆಸರಿಟ್ಟಿದ್ದರು. ಮರಿ ಬೇಗ ಮುಗಿಯುತ್ತಿತ್ತು, ಆದರೆ ಟಾರ್ಚಿನ ಸೆಲ್ಲೇ ಆದ್ದರಿಂದ ಶಿಡ್ಲಘಟ್ಟದ ಸೈಕಲ್ ಅಂಗಡಿಯಲ್ಲೂ ಸಿಗುತ್ತಿತ್ತು. ತಾಯಿ ಹಾಗಲ್ಲ. ಅದನ್ನು ಆ ಕಂಪನಿಯವರೇ ಆ ಮಿಷನ್ನಿಗೆಂದೇ ಮಾಡುತ್ತಿದ್ದರು. ಬೆಂಗಳೂರಿನ ಏಜೆಂಟರ ಹತ್ತಿರ ಬಿಟ್ಟರೆ ಬೇರೆಲ್ಲೂ ಇಲ್ಲ. ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಯಜಮಾನರು ಹೋದಾಗಲೆಲ್ಲ ಏಜೆಂಟರು, ಮುಂದಿನ ವಾರ ಬರುತ್ತೆ, ಹಡಗಿನಲ್ಲಿದೆ, ಎಂದು ಹೇಳಿ ಕಳಿಸತೊಡಗಿದರು.

ಕೊನೆಗೆ ಮಾವನವರೇ ಹೊರಟರು. ನನ್ನನ್ನೂ ಆಸ್ಪತ್ರೆಯಲ್ಲಿ ತೋರಿಸಬೇಕಾಗಿದ್ದರಿಂದ ನಾನೂ ಜೊತೆಗೆ ಹೋಗಿದ್ದೆ. ಏಜೆಂಟರು ಮರ್ಯಾದಸ್ಥರು, ಎದುರಿಗೆ ಬಂದು ಕೂತವರಿಗೆ ಸುಳ್ಳು ಹೇಳಲಿಲ್ಲ. ಕಂಪನಿಯವರು ಈ ಮಾದರಿಯನ್ನು ನಿಲ್ಲಿಸಿದ್ದಾರೆ, ಅದರ ಬ್ಯಾಟರಿಯನ್ನೂ ನಿಲ್ಲಿಸಿದ್ದಾರೆ, ಈಗ ಟ್ರಾನ್ಸಿಸ್ಟರ್ ಅಂತ ಬಂದಿದೆ, ಬೆಂಕಿಪೊಟ್ಟಣದಷ್ಟೇ ಇರುತ್ತೆ, ಇದರ ಕಾಲ ಮುಗಿಯಿತು ಎಂದರು. ಹಾಗಾದರೆ ಹೊಸದನ್ನೇ ಕೊಡಿ ಎಂದರೆ, ಸರ್ಕಾರ ಪರದೇಶದ ಸಾಮಾನು ತರಿಸಲು ಪರವಾನಗಿ ಬಿಗಿ ಮಾಡಿದೆ, ನನಗೇ ಬಂದಿಲ್ಲ ಎಂದು ಕೈ ಚೆಲ್ಲಿದರು. ಮಾವನವರು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಇದರಲ್ಲಿ ಏನು ಕೆಟ್ಟಿದೆ ತೋರಿಸಿ ಎಂದು ಕೇಳಿದರು. ಏನೂ ಕೆಟ್ಟಿಲ್ಲ ಎಂದು ಏಜೆಂಟರು ಒಪ್ಪಿಕೊಂಡರು. ಒಳಗೆ ಹೋಗಿ, ಉಳಿದಿದ್ದ ತಾಯಿ ಬ್ಯಾಟರಿಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದು ಕೊಟ್ಟರು. ಇವನ್ನು ಜಾಸ್ತಿ ದಿನ ಇಟ್ಟುಕೊಳ್ಳಬೇಡಿ ಎಂದೂ ಹೇಳಿದರು.

ರೈಲಿನಲ್ಲಿ ಮಾವನವರು ಆ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಪೇಟೆಯವರಿಗೆ ಯಾವುದನ್ನೂ ಇಟ್ಟುಕೊಳ್ಳಲು ಬಾರದು, ಅದಕ್ಕೇ ಎಲ್ಲ ಕೆಡುತ್ತದೆ ಎಂದರು. ನಮ್ಮ ಕಡೆಯವರು ಇಂಥ ಮಾತಿನಲ್ಲಿ ಯಾಕೆ ಮೋಸ ಹೋಗುತ್ತಾರೆಂದರೆ, ನಮಗೆ ರಾಗಿ ಗೊತ್ತು. ರಾಗಿಯನ್ನು ಒಣಗಿಸಿ ಮಣ್ಣಿನ ವಾಡೆಯಲ್ಲಿ ತುಂಬಿ ಬಾಯಿ ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ. ರಾಗಿಯ ನಡುವೆ ಇಟ್ಟ ಬೆಳ್ಳಿ ಕಪ್ಪಾಗುವುದಿಲ್ಲ ಎಂದು ಅತ್ತೆ ನಂಬಿದ್ದರು. ಅವರ ಮದುವೆಯ ಕಾಲ್ಗೆಜ್ಜೆ ಇದ್ದದ್ದೂ ಅಲ್ಲೇ. ಮಾವನವರು ತಾಯಿ ಬ್ಯಾಟರಿಗಳನ್ನು ಒಂದೊಂದಾಗಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಬೇವಿನ ಎಲೆ ಹಾಕಿ, ದೊಡ್ಡ ವಾಡೆಯ ರಾಗಿಯೊಳಗೆ ಹೂತು, ಸಗಣಿ ಮಣ್ಣಿನಿಂದ ಬಾಯಿ ಮೆತ್ತಿದರು. ಇಂಗ್ಲಿಷು ಓದಿದ ನಮ್ಮ ಯಜಮಾನರೂ ಏಣಿ ಹಿಡಿದುಕೊಂಡು ನಿಂತಿದ್ದರು. ಬೇಡ ಎನ್ನಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೊರಗೆ ಉಳಿಸಿಕೊಂಡಿದ್ದ ಎರಡನ್ನು ಜಿಪುಣತನದಿಂದ ಬಳಸತೊಡಗಿದರು. ದಿನವಿಡೀ ಮಿಷನ್ನು ಆರಿಸಿಡುವುದು, ಒಂದು ಗಂಟೆ ಮಾತ್ರ ಹಾಕುವುದು. ಆ ಗಂಟೆ ಯಾರದು ಎಂಬ ಪ್ರಶ್ನೆ ಬಂತು. ಮಧ್ಯಾಹ್ನದ ಪೇಪರಿನ ಹೊತ್ತು ಎಂದು ಮಾವನವರು ತೀರ್ಮಾನ ಮಾಡಿದರು. ಅತ್ತೆ ಮುಖ ಊದಿಸಿಕೊಂಡಿದ್ದಕ್ಕೆ, ನೀವೆಲ್ಲ ಕೂಗಿಯಾದರೂ ಹೇಳುತ್ತೀರಿ, ಅವಳು ಎಲ್ಲಿಗೆ ಹೋಗಬೇಕು ಎಂದರು. ಅಷ್ಟು ದೊಡ್ಡ ಮನೆಯಲ್ಲಿ ನನಗೊಂದು ಸ್ವಂತದ್ದೆಂದು ಸಿಕ್ಕಿದ್ದು ಆ ಒಂದು ಗಂಟೆ.

ವರ್ಷ ಕಳೆದು, ಇನ್ನೊಂದು ವರ್ಷದ ಸುಗ್ಗಿಯೂ ಆದ ಮೇಲೆ ಹೊರಗಿದ್ದ ಎರಡನೆಯ ತಾಯಿ ಬ್ಯಾಟರಿಯೂ ಸೋತಿತು. ವಾಡೆಯ ಬಾಯಿ ಒಡೆದೆವು. ಅತ್ತೆ ಮೊಣಕೈವರೆಗೆ ಕೈ ಇಳಿಸಿ ಮೊದಲನೆಯ ಗಂಟನ್ನು ತೆಗೆದರು. ಬಟ್ಟೆ ಅಂಟಂಟಾಗಿತ್ತು. ಬಿಚ್ಚಿದರೆ ಬ್ಯಾಟರಿಯ ತಳ ಉಬ್ಬಿ ಬಿರಿದು, ಒಳಗಿನದು ಜಿನುಗಿ, ಬಿಳಿ ಬೂಷ್ಟು ಹಿಡಿದಿತ್ತು. ಎರಡನೆಯದೂ ಹಾಗೆಯೇ. ಕೆಲವು ನೋಡಲು ಚೆನ್ನಾಗಿದ್ದವು, ಹಾಕಿದರೆ ಜೀವವಿರಲಿಲ್ಲ. ಕಡೆಯದರವರೆಗೂ ತೆಗೆದೆವು. ಸುತ್ತಲಿನ ರಾಗಿಗೆ ಏನೂ ಆಗಿರಲಿಲ್ಲ, ಕಣದಿಂದ ಈಗತಾನೆ ತಂದ ಹಾಗಿತ್ತು. ಮಾವನವರು ಮೊದಲಿಂದ ಮನಸ್ಸು ಬಿಚ್ಚಿ ಬಳಸಿದ್ದರೆ ಅಷ್ಟು ಬ್ಯಾಟರಿಗೆ ಬೆಳಗಿನಿಂದ ರಾತ್ರಿವರೆಗೆ ಎಲ್ಲರ ಮಾತೂ ಕೇಳಬಹುದಿತ್ತು. ಉಳಿಸಿ ಉಳಿಸಿ ಕಳೆದುಕೊಂಡರು. ಅತ್ತೆ ರಾಗಿ ಮೆತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತು, "ಏಂ ಚೇಸ್ತಾಂ" ಎಂದರು. ಏನು ಮಾಡೋಣ ಎಂದು ಯಾರನ್ನೂ ಕೇಳಿದ್ದಲ್ಲ, ಸುಮ್ಮನೆ ಅಂದದ್ದು.

ನಾಲ್ಕಾರು ದಿನದ ಮೇಲೆ ಮಾವನವರು ಎತ್ತುಗಳಿಗೆ ಹುಲ್ಲು ಹಾಕಿ ಬಂದು ಜಗುಲಿಯ ಮೇಲೆ ಕೂತು, ಯಾರಿಗೂ ಅಲ್ಲದೆ ಹೇಳಿದರು:

"ಎತ್ತು ಮಾರ್ದೋನು ಹುಲ್ಲು ಕೊಡ್ಬೇಕು ಅಂತ ಏನಿಲ್ಲ. ಹುಲ್ಲು ಎಲ್ರ ಹೊಲದಾಗೂ ಬೆಳೀತೈತೆ. ಇದರ ಮೇವು ಬೆಳ್ಯೋದು ಅವನೊಬ್ಬನ ಹೊಲದಾಗೆ. ಅವ್ನು ಹೊಲಾನೇ ಬೀಳು ಬಿಟ್ನಲ್ಲ."

ಇದಕ್ಕಿಂತ ಚೆನ್ನಾಗಿ ಈ ವಿಷಯವನ್ನು ಹೇಳಿದವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಒಂದು ವಸ್ತುವನ್ನು ಮಾಡಿ ಮಾರಿದವರು ಎಷ್ಟು ವರ್ಷ ಅದರ ಹಿಂದೆ ನಿಲ್ಲಬೇಕು ಎಂದು ಕೇಳಿದರೆ ನಾನು ಲೆಕ್ಕ ಹೇಳಲಾರೆ. ಆದರೆ ಅದಕ್ಕೆ ಬೇಕಾದದ್ದನ್ನು ಬೇರೆ ಯಾರೂ ಮಾಡಲಾಗದ ಹಾಗೆ ತಮ್ಮ ಕೈಯಲ್ಲೇ ಇಟ್ಟುಕೊಂಡವರು, ಕೊಂಡವನು ಬದುಕಿರುವಷ್ಟು ಕಾಲವಾದರೂ ಕೈ ಬಿಡಬಾರದು. ಸೀರೆ ಹಳೆಯದಾದರೆ ಬೇರೆ ಉಡಬಹುದು. ಕಿವಿ ಹಾಗಲ್ಲ.

ಕೊನೆಯ ಆಸೆಯಾಗಿ ಚಿಂತಾಮಣಿಯ ಒಬ್ಬ ಸಾಬರು ಸಿಕ್ಕಿದರು. ರೇಡಿಯೋ ರಿಪೇರಿಯವರು. ಟಾರ್ಚಿನ ಸೆಲ್ಲುಗಳನ್ನೇ ಸಾಲಾಗಿ ಜೋಡಿಸಿದರೆ ತಾಯಿ ಬ್ಯಾಟರಿಯಷ್ಟೇ ಶಕ್ತಿ ಬರುತ್ತೆ ಎಂದು ಹೇಳಿ, ಮರದ ಹಲಗೆಯೊಂದರ ಮೇಲೆ ಸೆಲ್ಲುಗಳನ್ನು ತಗಡಿನ ಪಟ್ಟಿಯಲ್ಲಿ ಬಿಗಿದು, ತಂತಿ ಎಳೆದು ಕೊಟ್ಟರು. ಅಲುಗಾಡಿಸಬೇಡಿ, ತಂತಿಗೆ ತಂತಿ ತಾಗಿದರೆ ಒಳಗಿನ ವಾಲ್ವು ಸುಟ್ಟುಹೋಗುತ್ತೆ ಎಂದೂ ಎಚ್ಚರಿಸಿದ್ದರು. ಹಲಗೆಯನ್ನು ಕಂಬದ ಪಕ್ಕದಲ್ಲಿಟ್ಟು ಮಾವನವರನ್ನು ಕೂರಿಸಿದೆವು. ಕೇಳಿಸಿತು. ತಂತಿ ಇರುವಷ್ಟು ದೂರ ಮಾತ್ರ ಅವರು ಅಲ್ಲಾಡಬಹುದಿತ್ತು. ನನ್ನನ್ನೇ ಗೂಟಕ್ಕೆ ಕಟ್ಟಿಬಿಟ್ಟಿರಲ್ಲ ಎಂದು ನಕ್ಕರು. ಮಧ್ಯಾಹ್ನದ ಪೇಪರು ಮತ್ತೆ ಶುರುವಾಯಿತು. ಈ ಸಲ ಒಂದು ಗಂಟೆಯ ಕಟ್ಟುಪಾಡೂ ಇರಲಿಲ್ಲ.

ಒಂದು ಬೆಳೆ ಹುಳ ಏಳುವವರೆಗೆ ಅದು ನಡೆಯಿತು. ನಾಲ್ಕನೇ ಜ್ವರದಿಂದ ಹುಳ ಎದ್ದಿದ್ದವು. ಮಾವನವರಿಗೆ ಕೂತಲ್ಲಿ ಕೂರಲಾಗಲಿಲ್ಲ. ನಾವು ಬೇರೆ ಕೆಲಸದಲ್ಲಿದ್ದಾಗ ಹಲಗೆಯನ್ನು ಮಗು ಎತ್ತಿಕೊಂಡ ಹಾಗೆ ಎರಡು ಕೈಯಲ್ಲಿ ಎತ್ತಿಕೊಂಡು ಹುಳದ ಮನೆಗೆ ಹೋಗಿದ್ದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಅವರ ಕೂಗು ಕೇಳಿತು.

"ಬನ್ರೋ ಇಲ್ಲಿ! ಹುಳ ಮೇವು ಬಿಟ್ಟವೆ!"

ಎಲ್ಲರೂ ಓಡಿದೆವು. ಮೇವು ಬಿಟ್ಟಿತೆಂದರೆ ಆ ಸಲದ ಬೆಳೆ ಮುಗಿಯಿತು. ಬಾಗಿಲಿಗೆ ಬರುವಷ್ಟರಲ್ಲೇ ಸದ್ದು ಕೇಳಿಸಿತು. ಎಲ್ಲ ತಟ್ಟೆಗಳಲ್ಲೂ ಹುಳ ಒಂದೇ ಸಮನೆ ಮೇಯುತ್ತಿದ್ದವು, ಜೋರು ಮಳೆ ಹಿಡಿದ ಹಾಗೆ. ಮಾವನವರು ಒಂದು ತಟ್ಟೆಗೆ ಡಬ್ಬಿ ಹಿಡಿದುಕೊಂಡು ನಮ್ಮ ಕಡೆ ನೋಡುತ್ತಿದ್ದರು. ನಮ್ಮ ಮುಖದಲ್ಲಿ ಗಾಬರಿ ಇಳಿದು ಬೇರೇನೋ ಬಂದದ್ದನ್ನು ಕಂಡರು. ಬಗ್ಗಿ ಸೊಪ್ಪಿನ ಅಂಚನ್ನು ನೋಡಿದರು. ಕಣ್ಣೆದುರಿಗೇ ಎಲೆ ಕರಗುತ್ತಿತ್ತು. ಆಮೇಲೆ ಡಬ್ಬಿಯನ್ನು ನೋಡಿದರು. ಹಲಗೆಯ ಮೇಲೆ ಒಂದು ಸೆಲ್ಲು ಪಟ್ಟಿಯಿಂದ ಜಾರಿ ತಂತಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಸಾಬರು ಡಬ್ಬಿ ಬಿಚ್ಚಿ ತೋರಿಸಿದರು. ಒಳಗೆ ಭತ್ತದ ಕಾಳಿಗಿಂತ ತುಸು ದೊಡ್ಡದಾದ ಗಾಜಿನ ವಾಲ್ವುಗಳು. ಒಂದು ಸುಟ್ಟಿತ್ತು. ರೇಡಿಯೋ ವಾಲ್ವಾದರೆ ನನ್ನ ಹತ್ತಿರ ರಾಶಿ ಇದೆ, ಇದನ್ನು ಕಂಪನಿಯೋರೇ ಕೊಡಬೇಕು ಎಂದು ಹೇಳಿ ತಲೆ ತಗ್ಗಿಸಿದರು. ಯಜಮಾನರು ಬೆಂಗಳೂರಿಗೆ ಹೋದರು. ಏಜೆಂಟರು ಆ ಕಂಪನಿಯನ್ನು ಬಿಟ್ಟಿದ್ದರು. ಅದೇ ಗಾಜಿನ ಬೀರುವಿನಲ್ಲಿ ಈಗ ಫೌಂಟನ್ ಪೆನ್ನುಗಳಿದ್ದವು. ನೇರ ಕಂಪನಿಗೇ ಬರೆದದ್ದಕ್ಕೆ ಅಚ್ಚು ಹಾಕಿದ ಉತ್ತರ ಬಂತು: ನಮ್ಮ ವಸ್ತುವನ್ನು ಬಳಸಿದ್ದಕ್ಕೆ ವಂದನೆಗಳು, ಆ ಮಾದರಿ ಈಗ ಚಾಲ್ತಿಯಲ್ಲಿಲ್ಲ. ಕೊಂಡದ್ದೂ ಆಯಿತು, ಕೊಟ್ಟದ್ದೂ ಆಯಿತು, ಇನ್ನು ನೀವು ಯಾರೋ ನಾವು ಯಾರೋ ಎಂದ ಹಾಗಿತ್ತು. ಮಾವನವರಿಗೆ ಅದನ್ನು ಸನ್ನೆಯಲ್ಲಿ ತಿಳಿಸಿದಾಗ, "ನಾವಿದ್ದೀವಿ ಅಂದಿದ್ದ, ಪಾಪ" ಎಂದಷ್ಟೇ ಹೇಳಿದರು.

ಮನೆಯಲ್ಲಿ ಮತ್ತೆ ಕೂಗಾಟ ಶುರುವಾಯಿತು. ಕಿವಿ ಮೊದಲಿಗಿಂತ ಮಂದವಾಗಿದ್ದರಿಂದ ಇನ್ನೂ ಜೋರಾಗಿ ಕೂಗಬೇಕು. ಇವತ್ತು ನಮ್ಮ ಮನೆಯಲ್ಲಿ ಏನು ಸಾರು ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ನಾನು ಹೇಳಬೇಕಾದದ್ದನ್ನು ಅತ್ತೆಯ ಹತ್ತಿರ ಹೇಳುತ್ತಿದ್ದೆ, ಅವರು ಕೂಗಿ ಮುಟ್ಟಿಸುತ್ತಿದ್ದರು. ನನ್ನ ಮಾತು ಅವರ ಗಂಟಲಿನಿಂದ ಹೊರಟಾಗ ಅದು ಬೈಗುಳದ ಹಾಗೆ ಕೇಳುತ್ತಿತ್ತು. ಸ್ವಲ್ಪ ದಿನಕ್ಕೆ ಹೇಳುವುದನ್ನೇ ಬಿಟ್ಟೆ. ಕಿವುಡನ ಮುಂದೆ ಕಿನ್ನರಿ ಎಂದು ಜನ ಸಲೀಸಾಗಿ ಗಾದೆ ಹೇಳುತ್ತಾರೆ. ಆ ಮನೆಯಲ್ಲಿದ್ದ ಮೇಲೆ ಆ ಗಾದೆ ನನ್ನ ಬಾಯಿಗೆ ಬಂದಿಲ್ಲ.

ಆಶ್ಚರ್ಯವೆಂದರೆ ಮಾವನವರು ಮಿಷನ್ನನ್ನು ತೆಗೆದಿಡಲಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟು, ಗುಂಡಿಯನ್ನು ಕಿವಿಗೆ ಸಿಕ್ಕಿಸಿ, ಸತ್ತ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡೇ ಹೊರಗೆ ಹೊರಡುತ್ತಿದ್ದರು. ಮಿಷನ್ನು ಕಂಡರೆ ಹೊರಗಿನವರು ಮೊದಲಿನ ಹಾಗೇ ಬಗ್ಗಿ ಎದೆಗೆ ಮಾತಾಡುತ್ತಿದ್ದರು. ಶಿಡ್ಲಘಟ್ಟದಿಂದ ರೇಷ್ಮೆ ಗೂಡು ಕೊಳ್ಳಲು ಬರುತ್ತಿದ್ದ ವ್ಯಾಪಾರಿಯೊಬ್ಬರು ಜಗುಲಿಯ ಮೇಲೆ ಕೂತು, ತಮ್ಮ ಮಗಳ ಸಂಸಾರದ ಕಷ್ಟವನ್ನೆಲ್ಲ ಆ ಡಬ್ಬಿಗೆ ಹೇಳಿಕೊಂಡು ಕಣ್ಣೊರೆಸಿಕೊಂಡರು. ಮಾವನವರು ಅವರ ಬೆನ್ನಿನ ಮೇಲೆ ಕೈಯಿಟ್ಟರು. ಅವರು ಹಗುರಾಗಿ ಎದ್ದು ಹೋದರು. ಇದೇನು ನಾಟಕ ಎಂದು ಅತ್ತೆ ರೇಗಿದ್ದಕ್ಕೆ ಮಾವನವರು ಹೇಳಿದರು:

"ಇದು ಇದ್ರೆ ಜನ ಮಾತಾಡಿಸ್ತಾರೆ ಕಣೇ. ತೆಗ್ದಿಟ್ರೆ ಕೈಸನ್ನೆ ಮಾಡ್ತಾರೆ. ದನಕ್ಕೆ ಮಾಡ್ದಂಗೆ."

ಆಮೇಲೆ ಟ್ರಾನ್ಸಿಸ್ಟರುಗಳ ಕಾಲ ಬಂತು. ನಮ್ಮ ಹಳ್ಳಿಯಲ್ಲೇ ಇಬ್ಬರು ಮೂವರು ಹೆಗಲಿಗೆ ರೇಡಿಯೋ ನೇತುಹಾಕಿಕೊಂಡು ಹೊಲಕ್ಕೆ ಹೋಗತೊಡಗಿದರು. ಕಿವಿ ಮಿಷನ್ನುಗಳೂ ಹೊಸವು ಬಂದಿವೆಯೆಂದು ತಿಳಿದು ಮಾವನವರನ್ನು ಮತ್ತೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಬೆಂಕಿಪೊಟ್ಟಣದಷ್ಟೇ ಇತ್ತು, ಆ ಏಜೆಂಟರು ಹೇಳಿದ್ದ ಹಾಗೆ. ಡಾಕ್ಟರು ಹಾಕಿದರು, ತಿರುಪನ್ನು ಪೂರ್ತಿ ತಿರುಗಿಸಿದರು, ತಟ್ಟೆ ಬಡಿದರು. ಮಾವನವರು ನಮ್ಮ ಮುಖವನ್ನೇ ನೋಡುತ್ತ ಕೂತಿದ್ದರು. ಕಿವಿಯ ಒಳನರ ಪೂರ್ತಿ ಸೋತಿದೆ, ಇನ್ನು ಯಾವ ಮಿಷನ್ನೂ ನಡೆಯದು, ಮೊದಲೇ ಬರಬೇಕಿತ್ತು ಎಂದು ಡಾಕ್ಟರು ಹೇಳಿದರು. ಮೊದಲೇ ಬಂದಿದ್ದೆವು ಎಂದು ಯಜಮಾನರು ಹೇಳಿದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಮಾಡಿದವರು ಇಂಥದ್ದನ್ನು ಕಂಡೇ ಮಾಡಿರಬೇಕು. ಮಾವನವರು ಹೊಸದನ್ನು ಕಿವಿಯಿಂದ ಬಿಚ್ಚಿ ಡಾಕ್ಟರಿಗೆ ಎರಡು ಕೈಯಲ್ಲಿ ಒಪ್ಪಿಸಿ, ಜೇಬಿನಲ್ಲಿದ್ದ ಹಳೆಯದನ್ನೇ ಸಿಕ್ಕಿಸಿಕೊಂಡು ಎದ್ದರು.

ಆ ವರ್ಷದ ಚಳಿಗಾಲದಲ್ಲಿ ಅವರು ಮಲಗಿದವರು ಏಳಲಿಲ್ಲ. ಎದೆಯಲ್ಲಿ ಕಫ, ಕೈಕಾಲಲ್ಲಿ ಬಾವು. ಊಟ ಬಿಟ್ಟರು. ಅತ್ತೆ ಕೂಗಿ ಕೂಗಿ ಗಂಟಲು ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದರು. ಯಜಮಾನರು ಡಾಕ್ಟರನ್ನು ಕರೆತರಲು ಹೋಗಿದ್ದರು. ಮಾವನವರು ಕಣ್ಣು ಬಿಟ್ಟು ಏನನ್ನೋ ಹುಡುಕುತ್ತಿದ್ದರು. ನನಗೆ ತಡೆದುಕೊಳ್ಳಲಾಗಲಿಲ್ಲ. ಸೆರಗು ಜಾರಿದ್ದನ್ನೂ ನೋಡದೆ ಹಾಸಿಗೆಯ ಹತ್ತಿರ ಹೋಗಿ, ಅವರ ಬಲಗಿವಿಗೆ ಬಾಯಿ ಹಚ್ಚಿ, ಆ ಮನೆಗೆ ಬಂದ ಮೇಲೆ ಮೊದಲನೆಯ ಸಲ ಗಂಟಲು ಹರಿಯುವ ಹಾಗೆ ಕೂಗಿದೆ.

"ಮಾವಾ! ನಾನು ಕಣ್ ಮಾವಾ! ಕೇಳಿಸ್ತಾ ಐತಾ?"

ಅವರಿಗೆ ಕೇಳಿಸಲಿಲ್ಲ. ನನ್ನ ಬಾಯಿಯ ಬಿಸಿ ತಾಗಿತೇನೋ, ಮುಖ ತಿರುಗಿಸಿ ನೋಡಿದರು. ನನ್ನ ಕತ್ತಿನ ನರ ಬಿಗಿದದ್ದು ಕಂಡಿರಬೇಕು. ಮೆಲ್ಲಗೆ ಕೈ ಎತ್ತಿ ಎದೆಯ ಮೇಲಿದ್ದ ಡಬ್ಬಿಯನ್ನು ಮುಟ್ಟಿ ತೋರಿಸಿದರು.

"ಇಲ್ಲಿಗೆ ಹೇಳಮ್ಮ. ನೀನ್ಯಾಕೆ ಕೂಗ್ತೀಯ."

ನಾನು ಸೆರಗು ಎಳೆದುಕೊಂಡು, ತಲೆ ತಗ್ಗಿಸಿ, ಡಬ್ಬಿಯ ಮುಂದೆ ಕೂತೆ. ಮೊದಲಿನ ದನಿಯಲ್ಲೇ ಹೇಳಿದೆ. ಹುಳ ನಾಲ್ಕನೇ ಜ್ವರದಿಂದ ಎದ್ದಿವೆ ಎಂದೆ. ಸೊಪ್ಪು ಸಾಲುವಷ್ಟಿದೆ ಎಂದೆ. ಚೆನ್ನಾಗಿ ಮೇಯುತ್ತಿವೆ, ಇಲ್ಲಿಗೇ ಕೇಳಿಸುತ್ತಿದೆ ಎಂದೆ. ಗೌರಿಬಿದನೂರಿನಲ್ಲಿ ಯಾರ ಹತ್ತಿರವೂ ಹೇಳದಿದ್ದದ್ದನ್ನೂ ಹೇಳಿದೆ. ಅವರು ತಲೆಯಾಡಿಸುತ್ತಿದ್ದರು. ನಾನು ನಿಲ್ಲಿಸಿದಾಗ ನನ್ನ ತುಟಿಯನ್ನು ನೋಡಿ, "ಆಮೇಲೆ?" ಎಂದರು.

ಅದಾದ ಮೇಲೆ ಅವರು ಮಾತಾಡಲಿಲ್ಲ. ಮರುದಿನ ಹೋದರು. ಹತ್ತಕಡಕುಗಳನ್ನು ಮದುವೆಯಾಗಿ ಹೋಗಿದ್ದ ನಾದಿನಿಯರಿಬ್ಬರೂ ಒಂದೊಂದು ಇಟ್ಟುಕೊಂಡರು. ಡಬ್ಬಿಯನ್ನು ಯಾರೂ ಕೇಳಲಿಲ್ಲ. ಅದು ನನ್ನ ಟ್ರಂಕಿನಲ್ಲಿದೆ. ಒಂದು ಕಾಳಿನಷ್ಟು ವಾಲ್ವು, ಒಂದು ತಾಯಿ ಬ್ಯಾಟರಿ ಸಿಕ್ಕಿದರೆ ಈಗಲೂ ನಡೆಯುತ್ತದೆ. ಹೇಳಲು ನನ್ನ ಹತ್ತಿರ ಇನ್ನೂ ಬಹಳ ಇತ್ತು.